ಗೆದ್ದವನಿಗೆ ಕಟ್ಟೆ ಸಿಗಲಿಲ್ಲ

ದಾವಣಗೆರೆಯ ಒಂದು ವಿಡಿಯೋ ಗೇಮ್ ವೆಬ್‌ಸೈಟು. ಅದರಲ್ಲಿ ಆಟಗಾರರು ಮಾತಾಡಿಕೊಳ್ಳೋಕೆ ಒಂದೇ ಒಂದು ಚರ್ಚಾಕಟ್ಟೆ. ಮಾಲೀಕ ಚೆನ್ನವೀರಪ್ಪನಿಗೆ ಅದು ಸಂತೆ ಅನ್ನಿಸಿತು. ಅದನ್ನು ಮುಚ್ಚಿ ವಿಷಯಕ್ಕೊಂದರಂತೆ ನಲವತ್ತು ಕಟ್ಟೆ ಮಾಡಿಸಿದ. ಜನ ಬರೋದನ್ನೇ ಬಿಟ್ಟರು.

"ಸಂಜೆಯೊಳಗೆ ಎಲ್ಲ ಕಟ್ಟೆ ತುಂಬಬೇಕು. ಇಲ್ಲಾಂದ್ರೆ ನಿಮ್ಮ ದಾರಿ ನೀವು ನೋಡ್ಕೊಳ್ಳಿ!" ಎಂದು ಕಟ್ಟೆ ನೋಡಿಕೊಳ್ಳುವ ನಾಗವೇಣಿಯ ಮೇಲೆ ಹರಿಹಾಯ್ದ.

ನಾಗವೇಣಿ ವಾದಕ್ಕಿಳಿಯಲಿಲ್ಲ. "ಯಜಮಾನರ ಕೈಯಿಂದಲೇ ಶುರುವಾಗಲಿ ಸರ್. ಒಂದಾಟ ಗೆದ್ದು, ಅದನ್ನೇ ಬರೀರಿ," ಎಂದಳು.

ಚೆನ್ನವೀರಪ್ಪ ಕಾರ್ ರೇಸಿಗೆ ಕೂತ. ಕೊನೇ ತಿರುವಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಗೆದ್ದೇಬಿಟ್ಟ! ಕುರ್ಚಿ ಬಿಟ್ಟು ಕುಣಿದ. "ಎಲ್ಲಿ ಬರೀಲಿ? ಬೇಗ ಹೇಳ್ರೀ!"

"ಕಾರಿನ ಕಟ್ಟೆಯೋ ತಿರುವಿನ ಕಟ್ಟೆಯೋ ಸರ್? ತಿರುವಾದ್ರೆ ಎಡಕ್ಕೋ ಬಲಕ್ಕೋ? ರಸ್ತೆ ಒದ್ದೆಯಿತ್ತಾ?"

ಹುಡುಕಿ ಹುಡುಕಿ ಚೆನ್ನವೀರಪ್ಪ ಬೆವೆತುಹೋದ. "ಗೆದ್ದ ಖುಷಿನೇ ಆರಿಹೋಯ್ತಲ್ರೀ! ಎಷ್ಟು ಕಟ್ಟೆ ಸಾಕು, ನೀವೇ ಹೇಳಿ!"

"ಮೂರು ಸರ್. ಗೆದ್ದವರದ್ದು, ಸೋತವರದ್ದು, ಆಟದ ನಡುವೆ ಸಿಕ್ಕಿಹಾಕ್ಕೊಂಡವರದ್ದು."

"ಭೇಷ್! ನಾನು ಗೆದ್ದವರ ಕಟ್ಟೇಲಿ ಬರೀತೀನಿ!"

ನಾಗವೇಣಿ ನಗು ತಡೆದುಕೊಂಡಳು. "ರೇಸಿನ ವಿಷಯ ಅಲ್ಲೇ ಬರೀರಿ ಸರ್. ಈ ನಲವತ್ತು ಕಟ್ಟೆ ವಿಷಯ ಮಾತ್ರ ಸೋತವರ ಕಟ್ಟೇಲಿ."