ಹರಿದಾಗಿನ ಫೋಟೊ

ಹುಬ್ಬಳ್ಳಿಯ ದೊಡ್ಡ ಸೀರೆ ಅಂಗಡಿಗೆ ಪಂಚಾಕ್ಷರಯ್ಯ ಅಂತ ಹೊಸ ಮ್ಯಾನೇಜರ್ ಬಂದಿದ್ದರು. ಹರಿದ ಸೀರೆಗೆ ಗುರುತೇ ಕಾಣದಂತೆ ರಫು ಮಾಡುವ ಜೈತುನಬಿ ಈ ಸಾಹೇಬರ ಹತ್ತಿರ ನೌಕರಿ ಕೇಳಲು ಹೋದಳು.

"ನಿನ್ನ ಕೆಲಸದ ಮಾದರಿ ಎಲ್ಲಿ?" ಅಂದರು ಸಾಹೇಬರು.

ನೌಕರಿ ಹುಡುಕುವವರ ಜಾಲತಾಣದಲ್ಲಿದ್ದ ತನ್ನ ಪ್ರೊಫೈಲನ್ನು ಆಕೆ ಮೊಬೈಲಿನಲ್ಲಿ ತೆಗೆದು ತೋರಿಸಿದಳು. ಅದರ ತುಂಬ ಸೀರೆಗಳ ಫೋಟೊ. ಸಾಹೇಬರು ಕನ್ನಡಕ ಏರಿಸಿ, ಒಂದೊಂದನ್ನೂ ಹಿಗ್ಗಿಸಿ ನೋಡಿದರು. ಹೊಲಿಗೆಯ ಗುರುತೇ ಇಲ್ಲ.

"ಇವೆಲ್ಲಾ ಹೊಸಾ ಸೀರಿ! ಯಾರನ್ನ ಏಮಾರಸ್ತಿ? ಹರಿದಾಗಿನ ಫೋಟೊನೂ ಬಾಜೂಕ ಹಾಕು. ಈಗ, ನನ್ನ ಮುಂದ. ಊರೆಲ್ಲಾ ನೋಡ್ಲಿ!"

"ಅವೂ ಅದಾವ್ರಿ. ಹಾಕೂಕಿಂತ ಮೊದಲ ನೀವೊಮ್ಮೆ ನೋಡ್ರಿ."

ಆಕೆ ತೆಗೆದು ತೋರಿಸಿದ ಫೋಟೊದಲ್ಲಿ ಇಲಿ ಕಡಿದ ನೇರಳೆ ಬಣ್ಣದ ಇಳಕಲ್ ಸೀರೆ. ಸೆರಗಿನಲ್ಲಿ ರೂಪಾಯಿ ಅಗಲದ ತೂತು. ಅಂಚಿಗೆ ಇದೇ ಅಂಗಡಿಯ ಚೀಟಿ.

"ನಿಮಗಿಂತ ಮೊದಲಿನ ಸಾಹೇಬ್ರು ರಫು ಮಾಡಾಕ ಕೊಟ್ಟಿದ್ರು," ಅಂದಳು.

ಸಾಹೇಬರು ಮೆಲ್ಲಗೆ ಹಿಂದೆ ತಿರುಗಿದರು. ಬಾಗಿಲ ಬಳಿಯ ಗೊಂಬೆಗೆ ಉಡಿಸಿದ್ದು ಅದೇ ಸೀರೆ! ಗಿರಾಕಿಯೊಬ್ಬರು ಅದರ ಸೆರಗು ಹಿಡಿದು, "ಹೊಸಾ ಮಾಲ್ ಏನ್ರಿ?" ಅಂತ ಕೇಳುತ್ತಿದ್ದರು.

"ಫೋಟೊ ಹಾಕ್ಲೇನ್ರಿ?"

"ಬ್ಯಾಡ, ಬ್ಯಾಡ! ಪ್ರೊಫೈಲ್ ಹಿಂಗ ಇರ್ಲಿ. ಭಾಳ ಚಲೋ ಐತಿ."

ಗಿರಾಕಿ ಆಚೆ ಸರಿದದ್ದೇ ತಡ, ಸಾಹೇಬರು ಗೊಂಬೆಯ ಹತ್ತಿರ ಹೋದರು. ಸೆರಗನ್ನು ಬೆಳಕಿಗೆ ಹಿಡಿದರು, ತಿರುವಿದರು, ಉಗುರಿನಿಂದ ಸವರಿದರು. ಏನೂ ಸಿಗಲಿಲ್ಲ. ವಾಪಸು ಬಂದು ಪಿಸುಗುಟ್ಟಿದರು:

"ಎಲ್ಲಿ ಹರಿದಿತ್ರೀ ಅದು?"

"ನನಗೂ ಈಗ ಕಾಣಂಗಿಲ್ರಿ. ಮೊದಲು ನೌಕರಿ ಪಕ್ಕಾ ಮಾಡ್ರಿ, ಆಮ್ಯಾಲೆ ಇಬ್ರೂ ಕೂಡಿ ಹುಡುಕೂಣು."