ಪರದೆಯ ಮೇಲೆ ಕಾಣದ ಆಟಗಾರ

“ಗುರುಗಳೇ, ನಾನು ಬೇರೆ ಮಠಕ್ಕೆ ಹೋಗಲೇ?” ಎಂದು ಶಿಷ್ಯ ಮರುಳಸಿದ್ಧ ಕೇಳಿದ. ಹನ್ನೆರಡು ವರ್ಷದಿಂದ ಅವನು ಮಠದ ದಾಸೋಹ ನೋಡಿಕೊಳ್ಳುತ್ತಿದ್ದ. “ಪ್ರವಚನ ಮಾಡುವವರ ಹೆಸರು ಊರೂರಿಗೆ ಗೊತ್ತು. ನನ್ನನ್ನು ಕೇಳುವವರೇ ಇಲ್ಲ. ಇಷ್ಟು ವರ್ಷ ಇಲ್ಲಿ ಏನು ಮಾಡಿದೆನೋ ನನಗೇ ತಿಳಿಯದು.”

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳತೊಡಗಿದರು.

ಒಬ್ಬ ಫುಟ್‌ಬಾಲ್ ಆಟಗಾರನಿದ್ದನಪ್ಪ. ದೇಶದ ತಂಡದಲ್ಲಿ ಹದಿನಾಲ್ಕು ವರ್ಷ ಆಡಿದವನು. ಗೋಲು ಹೊಡೆಯುವುದು ಅವನ ಕೆಲಸವಲ್ಲ, ಹೊಡೆಯಲು ಬರುವವರನ್ನು ತಡೆಯುವುದು. ಉಳಿದವರು ಜಾರಿ ಬಿದ್ದು, ಮೈಯೆಲ್ಲ ಕೆಸರು ಮಾಡಿಕೊಂಡು ಚೆಂಡು ಕಸಿಯುತ್ತಿದ್ದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಇವನು ಮಾತ್ರ ಚೆಂಡು ಎಲ್ಲಿಗೆ ಬರಬಹುದೆಂದು ಮೊದಲೇ ನೋಡಿ ಅಲ್ಲಿ ಹೋಗಿ ನಿಲ್ಲುತ್ತಿದ್ದ. ಇವನು ನಿಂತದ್ದು ಕಂಡರೆ ಎದುರಾಳಿ ಚೆಂಡನ್ನು ಹಿಂದಕ್ಕೆ ಕೊಟ್ಟುಬಿಡುತ್ತಿದ್ದ. ಆಟ ಮುಗಿದಾಗ ಇವನ ಬಟ್ಟೆ ಇಸ್ತ್ರಿ ಮಾಡಿದ ಹಾಗೇ ಇರುತ್ತಿತ್ತು. ಪುಣ್ಯಾತ್ಮ ನಿಂತೇ ಕಾಲ ಕಳೆದ ಎಂದು ಜನ ನಗುತ್ತಿದ್ದರು.

ನಿವೃತ್ತನಾದ ಮೇಲೆ ಊರಿನವರು ಸನ್ಮಾನ ಇಟ್ಟುಕೊಂಡರು. ಅವನ ಒಳ್ಳೆಯ ಆಟವನ್ನೆಲ್ಲ ಆಯ್ದು ಪರದೆಯ ಮೇಲೆ ತೋರಿಸಬೇಕೆಂದು ಹಳೆಯ ವಿಡಿಯೊಗಳನ್ನು ಜಾಲಾಡಿದ್ದರು. ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಪರದೆಯ ಮೇಲೆ ಗೋಲು ಹೊಡೆದವರು ಬಂದರು, ಹಾರಿ ಚೆಂಡು ಹಿಡಿದ ಗೋಲ್‌ಕೀಪರ್ ಬಂದ. ಇವನು ಒಂದು ಮೂಲೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತದ್ದು ಎರಡು ಸಲ ಕಂಡಿತು, ಅಷ್ಟೇ. ಅವನಿಗೆ ತಲೆ ಎತ್ತಲಾಗಲಿಲ್ಲ. ಹೆಂಡತಿಯನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟು ಹದಿನಾಲ್ಕು ವರ್ಷ ದೇಶದೇಶ ತಿರುಗಿದ್ದು ಇಷ್ಟಕ್ಕೇ ಏನು ಅನಿಸಿತು.

ಅಂದು ಅತಿಥಿಯಾಗಿ ಬಂದಿದ್ದವನು ನೆರೆದೇಶದ ಹಳೆಯ ಆಟಗಾರ. ಗೋಲು ಹೊಡೆಯುವುದರಲ್ಲಿ ಎತ್ತಿದ ಕೈ. ಅವನು ಎದ್ದು ನಿಂತ.

“ಇವನ ಎದುರು ನಾನು ಒಂಬತ್ತು ಪಂದ್ಯ ಆಡಿದ್ದೇನೆ,” ಎಂದ. “ಆ ಒಂಬತ್ತರಲ್ಲಿ ನನ್ನನ್ನೂ ಹುಡುಕಿ ನೋಡಿ. ನಾನೂ ಸಿಗುವುದಿಲ್ಲ. ಈ ಮಹಾರಾಯ ನನ್ನನ್ನು ಆಡಲೇ ಬಿಡಲಿಲ್ಲವಲ್ಲ.”

ಹಾಗೆಂದವನೇ ಬಂದು ಇವನನ್ನು ತಬ್ಬಿಕೊಂಡ. ಇವನ ಕಣ್ಣು ತುಂಬಿ ಬಂತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಹೆಂಡತಿ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನ ಮುಖ ಇನ್ನೂ ಸಪ್ಪಗೇ ಇತ್ತು.

“ಅವನ ಪರವಾಗಿ ಹೇಳಲು ಅಷ್ಟು ದೂರದಿಂದ ಒಬ್ಬ ಬಂದ, ಗುರುಗಳೇ. ನನಗೆ ಯಾರಿದ್ದಾರೆ?” ಎಂದ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು. “ಈ ಹನ್ನೆರಡು ವರ್ಷದಲ್ಲಿ ನಮ್ಮ ಮಠದಿಂದ ಹಸಿದುಕೊಂಡು ಹೋದವರು ಒಬ್ಬರಿದ್ದರೂ ಹುಡುಕಿ ಕರೆದುಕೊಂಡು ಬಾ, ಆಮೇಲೆ ಹೋಗುವೆಯಂತೆ.”