ಕೂತವ್ವನ ಗುಡ್ಡ

ಬನ್ನಿಯಾಳದ ಪಡುವಣಕ್ಕೆ, ಎರೆಹೊಲಗಳ ನಡುವೆ ಒಂಟಿಯಾಗಿರುವ ಗುಡ್ಡಕ್ಕೆ ಈಗ ನೆತ್ತಿಯವರೆಗೂ ಡಾಂಬರು ರಸ್ತೆಯಿದೆ. ರಸ್ತೆ ಶುರುವಾಗುವಲ್ಲಿ ಸಿಮೆಂಟಿನ ಮಹಾದ್ವಾರ. ಅದರ ಮೇಲೆ ದೇವಿಯ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ ಅದನ್ನು ಕಟ್ಟಿಸಿದ ಮುಖಂಡರ ಹೆಸರು. ಮೇಲೆ ಹತ್ತಿದರೆ ಅಗಲವಾದ ಹಾಸುಬಂಡೆ, ಅದರ ನಡುವೆ ಆಳೆತ್ತರಕ್ಕೆ ತುಸು ಕಡಿಮೆಯ ಒಂದು ಕರಿಕಲ್ಲು, ಕಲ್ಲಿಗೆ ಹಸಿರು ಸೀರೆ, ಹಣೆ ಇರಬೇಕಾದಲ್ಲಿ ಕುಂಕುಮ. ಬಂದವರು ಕೈಮುಗಿದು, ಫೋಟೊ ತೆಗೆದುಕೊಂಡು, ಇಳಿಯುವ ಮುಂಚೆ ಒಂದು ಮಾತು ಕೇಳುತ್ತಾರೆ: ಕೂತವ್ವ ಎನ್ನುತ್ತೀರಿ, ಅವ್ವ ನಿಂತಿದ್ದಾಳಲ್ಲ? ಕೇಳಿದವರಿಗೆಲ್ಲ ನಾನು ಈ ಕಥೆ ಹೇಳಿದ್ದೇನೆ. ಪೂರ್ತಿ ಕೇಳಿಸಿಕೊಂಡವರು ಕಡಿಮೆ. ಮುಖಂಡರಂತೂ ನಡುವೆಯೇ ವಾಚು ನೋಡಿಕೊಂಡರು.

ಹಿಂದೆ ಒಮ್ಮೆ, ಈ ಸೀಮೆಗೆ ಅರಸರ ಹಂಗಿಲ್ಲದ ಕಾಲದಲ್ಲಿ, ಬನ್ನಿಯಾಳವನ್ನು ಆಳುತ್ತಿದ್ದದ್ದು ಈ ಹಾಸುಬಂಡೆಯೇ ಎನ್ನುತ್ತಾರೆ. ಊರಿನ ಯಾವ ಕೆಲಸವೇ ಇರಲಿ, ಮನೆಗೊಬ್ಬರು ಹಿರಿಯರು, ಗಂಡಾಗಲಿ ಹೆಣ್ಣಾಗಲಿ, ಇಲ್ಲಿ ಬಂದು ಕೂರಬೇಕು. ಮಾತು ಒಪ್ಪಿದವರು ಎದ್ದು ನಿಲ್ಲಬೇಕು. ಒಬ್ಬರು ಕೂತೇ ಇದ್ದರೂ ಕೆಲಸ ಮುಂದುವರಿಯುವಂತಿಲ್ಲ. ಕೂತವರನ್ನು ಬಯ್ಯಬಾರದು, ಮುಟ್ಟಬಾರದು. ಅವರು ಹಸಿವಿಗೆ ಸೋತು ಏಳಬಾರದೆಂದು ಊರೇ ಅವರಿಗೆ ರೊಟ್ಟಿ ನೀರು ಹೊತ್ತು ತರಬೇಕು. ಕೆರೆಯ ತೂಬಿನ ದುರಸ್ತಿಯ ಮಾತು ಮುಗಿಯುವಷ್ಟರಲ್ಲಿ ಮಳೆಗಾಲವೇ ಮುಗಿದುಹೋಗಿತ್ತಂತೆ. ಸುತ್ತಲಿನ ಊರುಗಳು ಇವರನ್ನು ಕಂಡು ನಗುತ್ತಿದ್ದವು. ನಗಲಿ. ತನ್ನನ್ನು ಕೇಳದೆ ಮಾಡಿದರು ಎಂದು ಹೇಳುವ ಒಬ್ಬ ಮನುಷ್ಯನೂ ಆ ಊರಲ್ಲಿರಲಿಲ್ಲ. ಆದ ತೀರ್ಮಾನವನ್ನು ನಡೆಸಲು ಒಂದು ಬೆತ್ತವಿತ್ತು. ಅದು ಪ್ರತಿ ಯುಗಾದಿಗೆ ಸರದಿಯಂತೆ ಮನೆಯಿಂದ ಮನೆಗೆ ಹೋಗುತ್ತಿತ್ತು. ಯುದ್ಧ ನಡೆದಿರುವಾಗ ಮಾತ್ರ ಬೆತ್ತ ಕೈ ಬದಲಾಯಿಸುವಂತಿಲ್ಲ. ಯುದ್ಧ ಮುಗಿಯಿತೆಂದು ಎಲ್ಲರೂ ಎದ್ದು ನಿಲ್ಲುವವರೆಗೆ ಹಿಡಿದವನೇ ಹಿಡಿದಿರಬೇಕು. ಎಲ್ಲ ಬಾಗಿಲನ್ನೂ ಭದ್ರವಾಗಿ ಹಾಕಿದ ಹಿರಿಯರು ಇದೊಂದನ್ನು ತೆರೆದಿಟ್ಟರು. ಅವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಆ ವರ್ಷ ಬೆತ್ತ ಉಡಚನಗೌಡನ ಕೈಯಲ್ಲಿತ್ತು. ಮೊದಲಿಗೆ ಅವನೇನೂ ಕೆಟ್ಟವನಲ್ಲ. ಬೆತ್ತ ಹಿಡಿದು ಹೊರಟರೆ ಜನ ದಾರಿ ಬಿಡುತ್ತಿದ್ದರು. ಅದು ಅವನಿಗೆ ಬಲು ರುಚಿಸಿಬಿಟ್ಟಿತು. ಯುಗಾದಿ ಹತ್ತಿರವಾದಂತೆ ಅವನಿಗೆ ಊಟ ಸೇರದು, ನಿದ್ದೆ ಹತ್ತದು. ಮುಂದಿನ ಸರದಿ ವಿಧವೆ ಬಾಳವ್ವನ ಮನೆಯದು. ಅವಳ ಒಬ್ಬನೇ ಮಗ ಕೆಂಚಪ್ಪ ಬೆತ್ತ ಹಿಡಿಯಬೇಕಿತ್ತು. ಹೀಗಿರುವಾಗ ಒಂದು ಬೆಳಿಗ್ಗೆ ದೇವರಿಗೆ ಬಿಟ್ಟ ಗೂಳಿ ಹರಿದ ಕಿವಿಯೊಂದಿಗೆ ಊರೊಳಗೆ ಬಂತು. ಇದು ಹಿರೇಗುಂಡದವರ ಕೆಲಸ ಎಂದ ಉಡಚನಗೌಡ. ಹಿರೇಗುಂಡ ಹಳ್ಳದ ಆಚೆಯ ಊರು. ತಲೆತಲಾಂತರದಿಂದ ಹೆಣ್ಣು ಕೊಟ್ಟು ತಂದ ಬೀಗರ ಊರು. ಮಧ್ಯಾಹ್ನವಾಗುವಷ್ಟರಲ್ಲಿ ಅಲ್ಲಿನವರೆಲ್ಲ ಹುಟ್ಟಾ ಕಟುಕರೆಂದು ಬನ್ನಿಯಾಳದವರು ಮಾತಾಡಿಕೊಳ್ಳತೊಡಗಿದರು.

ಬಂಡೆಯ ಮೇಲೆ ಸಭೆ ಸೇರಿತು. ದಂಡೆತ್ತಿ ಹೋಗೋಣವೆಂದು ಎಲ್ಲರೂ ಎದ್ದು ನಿಂತರು. ಬಾಳವ್ವ ಮಾತ್ರ ಏಳಲಿಲ್ಲ.

“ಆ ಕಿವಿ ಹರಿದದ್ದು ನನ್ನ ಹಿತ್ತಲ ಮುಳ್ಳಬೇಲಿಗೆ,” ಎಂದಳು. “ಅರಿಷಿಣ ಹಚ್ಚಿದಾಕಿನೂ ನಾನ. ಹೋಗಿ ನೋಡ್ರಿ, ಇನ್ನೂ ಹಳದಿ ಐತಿ.”

ಗೂಳಿ ಗುಡ್ಡದ ಬುಡದಲ್ಲೇ ಮೇಯುತ್ತಿತ್ತು. ಇಳಿದು ಹೋಗಿ ನೋಡಿದವರು ಒಬ್ಬರೂ ಇಲ್ಲ. “ಮುಂದಿನ ಸರದಿ ಇವರ ಮನೀದು,” ಎಂದ ಉಡಚನಗೌಡ, ಯಾರ ಮುಖವನ್ನೂ ನೋಡದೆ. “ದಂಡು ಹೊಂಟ್ರ ಮಗನ ಕೈಗೆ ಬೆತ್ತ ಬರೂದಿಲ್ಲ. ಅದಕ್ಕ ಕುಂತಾಳ.” ಆ ಮಾತು ಎಲ್ಲರಿಗಿಂತ ಹೆಚ್ಚು ತಾಗಿದ್ದು ಕೆಂಚಪ್ಪನಿಗೆ. ಆ ದಿನ ಬಾಳವ್ವನಿಗೆ ಯಾರೂ ರೊಟ್ಟಿ ತರಲಿಲ್ಲ, ನೀರೂ ತರಲಿಲ್ಲ. ಹೊತ್ತು ಇಳಿಯುವಾಗ ಮಗನೇ ಮುಂದೆ ಬಂದ.

“ಯವ್ವಾ, ಏಳಬೇ. ಮಂದಿ ನನ್ನ ಮಾರಿ ಮ್ಯಾಲ ಉಗುಳಾಕ ಹತ್ಯಾರ.”

“ಆ ಮಾರಿ ನಾಳೆನೂ ನೋಡಬೇಕಂತನ ನಾ ಕುಂತೀನಿ, ಮಗಾ.”

ಕೆಂಚಪ್ಪ ಒಂದು ಕಂಕುಳಿಗೆ ಕೈ ಹಾಕಿದ, ಅವನ ಗೆಳೆಯ ಇನ್ನೊಂದಕ್ಕೆ. ಇಬ್ಬರೂ ಸೇರಿ ಅವಳನ್ನು ಎತ್ತಿ ಹಿಡಿದರು. ಕಾಲು ನೆಲಕ್ಕೆ ತಾಗಿತ್ತೋ ಇಲ್ಲವೋ, ಉಡಚನಗೌಡ ಬೆತ್ತದಿಂದ ಬಂಡೆಯನ್ನು ಕುಟ್ಟಿ, ಎಲ್ಲಾರೂ ನಿಂತಾರ ಎಂದು ಸಾರಿದ. ಕೂತವರನ್ನು ಮುಟ್ಟಬಾರದೆಂಬ ಕಟ್ಟಳೆ ಅಲ್ಲಿದ್ದ ಯಾರ ನೆನಪಿಗೂ ಬರಲಿಲ್ಲ.

ಬೆತ್ತದ ಆಸೆ ತನಗಿಲ್ಲವೆಂದು ತೋರಿಸಿಕೊಡಬೇಕಿದ್ದ ಕೆಂಚಪ್ಪ ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹಳ್ಳ ದಾಟಿದ. ಸಂಜೆ ಅವನನ್ನು ಕಂಬಳಿಯಲ್ಲಿ ಹೊತ್ತು ತಂದರು. ಮಣ್ಣು ಮಾಡಿದ ಮೇಲೆ ಬಾಳವ್ವ ಮನೆಗೆ ಹೋಗದೆ ಗುಡ್ಡ ಹತ್ತಿ, ತನ್ನ ಜಾಗದಲ್ಲಿ ಕೂತಳು. ಈಗ ಊರಿಗೆ ಕಟ್ಟಳೆ ನೆನಪಾಯಿತು. ಹೆಂಗಸರು ತಪ್ಪದೆ ರೊಟ್ಟಿ ತಂದು ಮುಂದಿಟ್ಟರು. ಸುಗ್ಗಿಯ ಮೇಲೆ ಸುಗ್ಗಿ ಕಳೆಯಿತು. ಆಚೆಯವರು ಈಚೆಯ ಬಣವಿ ಸುಟ್ಟರು, ಈಚೆಯವರು ಆಚೆಯ ಮನೆ ಸುಟ್ಟರು. ಗೂಳಿ ಮುದಿಯಾಗಿ ಸತ್ತುಹೋಯಿತು. ಕೊನೆಗೆ ಎರಡು ಊರೂ ಸಾಕಾಗಿ, ಯುದ್ಧ ಮುಗಿಸುವುದಕ್ಕೆಂದು ಬನ್ನಿಯಾಳದ ಸಭೆ ಮತ್ತೆ ಬಂಡೆಯ ಮೇಲೆ ಸೇರಿತು. ಎಲ್ಲರೂ ಎದ್ದರು. ಬಾಳವ್ವನೂ ಏಳಹೋದಳು. ಅಷ್ಟು ಕಾಲ ಮಡಚಿಟ್ಟ ಕಾಲು ಬಿಚ್ಚಲಿಲ್ಲ.

“ಎತ್ರೆಪ್ಪಾ ನನ್ನ,” ಎಂದು ಎರಡೂ ಕೈ ಚಾಚಿದಳು. “ಅವತ್ತ ಬ್ಯಾಡಂದ್ರೂ ಎತ್ತಿದ್ರಿ. ಇವತ್ತ ನಾನ ಕೇಳಾಕ ಹತ್ತೀನಿ, ಎತ್ರಿ.”

ಉಡಚನಗೌಡ ಬೆತ್ತವನ್ನು ಅಡ್ಡ ಹಿಡಿದ. “ಕುಂತವರನ್ನ ಮುಟ್ಟಬಾರದು. ಹಿರ್ಯಾರ ಕಟ್ಟಳೆ ಮುರಿಯಾಕ ನಾ ಬಿಡಂಗಿಲ್ಲ.” ಅಷ್ಟು ಹೊತ್ತಿಗೆ ಅವನ ಬೆನ್ನ ಹಿಂದೆ ಭರ್ಚಿ ಹಿಡಿದ ಆಳುಗಳಿದ್ದರು, ಯುದ್ಧಕ್ಕೆಂದು ಊರೇ ಅನ್ನ ಹಾಕಿ ಸಾಕಿದ ಆಳುಗಳು. ಕೆಂಚಪ್ಪನ ಗೆಳೆಯ ಒಂದು ಹೆಜ್ಜೆ ಮುಂದಿಟ್ಟು, ಭರ್ಚಿ ನೋಡಿ ತಲೆ ತಗ್ಗಿಸಿದ. ಒಬ್ಬರು ಕೂತಿದ್ದಾರೆ, ಯುದ್ಧ ಮುಗಿದಿಲ್ಲ ಎಂದು ತೀರ್ಮಾನವಾಯಿತು. ಚಾಚಿದ ಕೈ ಮಡಿಲಿಗೆ ಬಿದ್ದಂತೆಯೇ ಬಾಳವ್ವ ಕಲ್ಲಾದಳು ಎನ್ನುತ್ತಾರೆ. ಕಲ್ಲು ಏಳುವುದಿಲ್ಲವಲ್ಲ, ಬೆತ್ತ ಉಡಚನಗೌಡನಿಂದ ಮಗನಿಗೆ, ಮೊಮ್ಮಗನಿಗೆ ಹೋಯಿತು. ಅವರು ತಮ್ಮನ್ನು ನಾಯಕರೆಂದು ಕರೆದುಕೊಂಡರು. ಬಂಡೆಯ ಮೇಲೆ ಮತ್ತೆ ಯಾವ ಸಭೆಯೂ ಸೇರಲಿಲ್ಲ.

ನನ್ನ ಚಿಕ್ಕಂದಿನಲ್ಲಿ ಆ ಕಲ್ಲು ಕೂತೇ ಇತ್ತು. ಬುಡ ಅಗಲ, ಮುಂದೆ ಮಡಚಿದ ಮೊಣಕಾಲಿನಂಥ ಉಬ್ಬು. ಯಾರು ನೋಡಿದರೂ ಇದು ಕೂತ ಮುದುಕಿ ಎನ್ನಬೇಕು. ಹೋದ ಚುನಾವಣೆಗೆ ಮುಂಚೆ ಮುಖಂಡರು ಬಂದು, ನಮ್ಮ ನಾಡಿನ ದೇವಿ ಹೀಗೆ ಸೋತವಳಂತೆ ಕೂತಿರಬಾರದು ಎಂದು ಭಾಷಣ ಮಾಡಿದರು; ಜನ ಚಪ್ಪಾಳೆ ತಟ್ಟಿದರು. ಕ್ರೇನು ತರಿಸಿ ಕಲ್ಲನ್ನು ಎಬ್ಬಿಸಿ ಕಾಂಕ್ರೀಟಿನಲ್ಲಿ ನೆಟ್ಟರು. ಅದು ಮತ್ತೆ ಮತ್ತೆ ವಾಲಿತು. ಆಗ ಎಡಕ್ಕೊಂದು ಬಲಕ್ಕೊಂದು ದಪ್ಪ ಕಬ್ಬಿಣದ ಸರಳು ಊರಿ, ಕಾಣದಂತೆ ಮೇಲೆ ಸೀರೆ ಉಡಿಸಿದರು. ಬನ್ನಿಯಾಳದ ಹೆಂಗಸರು ಇಂದಿಗೂ ರೊಟ್ಟಿ, ತಂಬಿಗೆ ನೀರು ತಂದು ಅವಳ ಮುಂದಿಡುತ್ತಾರೆ. ಗಾಳಿಗೆ ಸೆರಗು ಸರಿದಾಗ ಆ ಎರಡು ಸರಳು ಅವ್ವನ ಕಂಕುಳಲ್ಲಿ ಕಾಣುತ್ತವೆ.